ಎರಡು ಕಾರಿನಷ್ಟು ಜಾಗ

ಕನ್ನಡಿ ಸಾಗಿಸಬೇಕಾದ ದಿನವೇ ಹದಿನೇಳನೇ ನಂಬರಿನ ಬಸ್ಸು ಫ್ರೇಮ್ ಅಂಗಡಿಯ ಮುಂದೆ ಅಲುಗಾಡದೆ ನಿಂತಿತ್ತು.

ಆಳೆತ್ತರದ ಕನ್ನಡಿ. ಅದಕ್ಕೆ ಕಪ್ಪು ಮರದ ಫ್ರೇಮು ಕೂರಿಸಲು ಅವಳಿಗೆ ವಾರ ಹಿಡಿದಿತ್ತು. ಕೊಂಡವರು ಕಾರು ತಂದರು, ಬಸ್ಸಿನ ಹಿಂದೆ ನಿಂತು ಹಾರ್ನ್ ಹೊಡೆದರು, ಜಾಗ ಸಿಗದೆ ಬೀದಿ ಸುತ್ತಿ ಬಂದು ಮತ್ತೆ ಹಾರ್ನ್ ಹೊಡೆದರು, ಆಮೇಲೆ ಕಾಣಲೇ ಇಲ್ಲ. ಬಸ್ಸಿನ ಎಂಜಿನ್ ಆಫ್ ಆಗಿತ್ತು. ಯಾರೂ ಹತ್ತುತ್ತಿರಲಿಲ್ಲ, ಯಾರೂ ಇಳಿಯುತ್ತಿರಲಿಲ್ಲ. ಡ್ರೈವರ್ ಸ್ಟಿಯರಿಂಗ್ ಮೇಲೆ ಮೊಣಕೈ ಊರಿ, ಗಲ್ಲಕ್ಕೆ ಕೈಕೊಟ್ಟು, ಅವಳ ಅಂಗಡಿಯ ಕಿಟಕಿಯನ್ನೇ ನೋಡುತ್ತಿದ್ದ.

ಕೈಯಲ್ಲಿದ್ದ ಮರದ ಪಟ್ಟಿಯನ್ನು ಕೆಳಗಿಡುವುದನ್ನೂ ಮರೆತು ಅವಳು ಹೊರಬಂದು ಬಸ್ಸಿನ ಬಾಗಿಲು ತಟ್ಟಿದಳು. ಬಾಗಿಲು ನಿಟ್ಟುಸಿರಿಟ್ಟು ತೆರೆದುಕೊಂಡಿತು.

"ರೀ, ಇದೇನು ನಿಮ್ಮ ಮನೆ ಅಂಗಳಾನಾ?"

"ಅಲ್ಲ ಮೇಡಂ. ಬಸ್ ಸ್ಟಾಪು."

"ಸ್ಟಾಪಲ್ಲಿ ನಿಂತು ಹೋಗ್ತಾರೆ. ಹೀಗೆ ಬಿಡಾರ ಹೂಡಲ್ಲ."

"ಬೇಗ ಬಂದ್ಬಿಟ್ಟೆ. ಬೇಗ ಬಂದ್ರೆ ಇಲ್ಲೇ ಕಾದು ಟೈಮಿಗೆ ಸರಿಯಾಗಿ ಹೊರಡ್ಬೇಕು, ಹಾಗಂತ ರೂಲ್ಸು. ಇಲ್ದಿದ್ರೆ ಮುಂದಿನ ಸ್ಟಾಪಿನವರಿಗೆ ಬಸ್ಸು ತಪ್ಪೋಗುತ್ತೆ."

"ಕಾಯೋಕೆ ಇಡೀ ಊರಲ್ಲಿ ನಮ್ಮ ಬಾಗಿಲೇ ಬೇಕಿತ್ತಾ?"

"ನಾನು ಆರಿಸಿದ್ದಲ್ಲ. ಆಫೀಸಲ್ಲಿ ಯಾರೋ ನಕ್ಷೆ ಮೇಲೆ ಪೆನ್ಸಿಲ್ ಚುಚ್ಚಿದ್ರು. ಅದು ನಿಮ್ಮ ಬಾಗಿಲ ಮುಂದೆ ಬಿತ್ತು."

ತಮಾಷೆ ಮಾಡುತ್ತಿದ್ದಾನೋ ಎಂದು ಅವಳು ಅವನ ಮುಖ ನೋಡಿದಳು. ಅಗಲ ಹಣೆ, ಒಂದು ಹುಬ್ಬಿನ ನಡುವೆ ಹಳೆಯ ಗಾಯದ ಗೆರೆ. ಬಾಯಿ ನಗುತ್ತಿರಲಿಲ್ಲ. ಕಣ್ಣಿನ ಬಗ್ಗೆ ಹಾಗೆ ಹೇಳುವಂತಿರಲಿಲ್ಲ.

"ಮೂಲೆ ಆಚೆ ಲೈಬ್ರರಿ ಮುಂದೆ ಅಷ್ಟೊಂದು ಜಾಗ ಬಿದ್ದಿದೆ. ಅಲ್ಲೂ ಒಂದು ಸ್ಟಾಪಿದೆ. ಅಲ್ಲಿ ಕಾದ್ರೆ ಆಕಾಶ ಕಳಚಿ ಬೀಳುತ್ತಾ?"

ಅವನು ಆ ಪ್ರಶ್ನೆಯನ್ನು ನಿಜವಾಗಿಯೂ ಯೋಚಿಸಿದ. ತಲೆ ಬಾಗಿಸಿ, ಗಾಜಿನಾಚೆಯ ಆಕಾಶವನ್ನು ಒಮ್ಮೆ ನೋಡಿದ.

"ಬೀಳಲ್ಲ ಅನ್ಸುತ್ತೆ," ಅಂದ.

ಮಾರನೆಯ ದಿನ ಹದಿನೇಳು ಅಂಗಡಿಯ ಮುಂದೆ ಕಾಯಲಿಲ್ಲ. ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ಅದರ ಮಾರನೆಯ ದಿನವೂ ಅಷ್ಟೇ. ಅವಳು ಗೆದ್ದಿದ್ದಳು. ಗೆದ್ದವರು ಕಿಟಕಿಯ ಬಳಿ ಇಷ್ಟು ಸಲ ಹೋಗಿ ನೋಡುವುದಿಲ್ಲ ಎಂಬುದನ್ನು ಅವಳಿಗೆ ಹೇಳುವವರಿರಲಿಲ್ಲ.

ಅಪ್ಪ ಹೇಳಿದ, ಆದರೆ ಬೇರೆ ಥರ. ಅವನು ಒಳಗಿನ ಮೇಜಿನ ಮೇಲೆ ಗಾಜು ಕೊರೆಯುತ್ತಿದ್ದ. "ಬಸ್ಸು ಹೋಯ್ತಾ ಅಂತ ನೋಡ್ತಿದ್ದೀಯೋ, ಬಂತಾ ಅಂತ ನೋಡ್ತಿದ್ದೀಯೋ?"

"ಗಾಜು ನೋಡ್ಕೊಂಡು ಕೊರಿಯಪ್ಪ. ಬೆರಳಿದೆ ಅಲ್ಲಿ."

*

ಉಪಕಾರ ಮಾಡಿಸಿಕೊಂಡು ಸುಮ್ಮನಿರುವುದು ಅವಳಿಗೆ ಒಲಿಯದ ವಿದ್ಯೆ. ಆ ವಾರದ ಕೊನೆಗೆ ಎರಡು ಕಾಗದದ ಲೋಟಗಳಲ್ಲಿ ಕಾಫಿ ಹಿಡಿದು ಮೂಲೆ ದಾಟಿದಳು. ಲೈಬ್ರರಿಯ ಗೋಡೆಗೆ ಆತುಕೊಂಡಂತೆ ಬಸ್ಸು ನಿಂತಿತ್ತು. ಬಾಗಿಲುಗಳು ತೆರೆದಿದ್ದವು. ಗಾಳಿಯಲ್ಲಿ ಕಾಯುವುದಕ್ಕಿಂತ ಒಳಗೆ ಕೂತು ಕಾಯೋಣವೆಂದು ಕೆಲವರು ಆಗಲೇ ಹತ್ತಿ ಕೂತಿದ್ದರು. ಪುಸ್ತಕದ ಚೀಲದ ಮುದುಕಿ ಒಬ್ಬರು ಚಪ್ಪಲಿ ಕಳಚಿ ಕಾಲು ನೀವಿಕೊಳ್ಳುತ್ತಿದ್ದರು.

"ಇದು ಲಂಚಾನಾ?" ಲೋಟ ತಗೊಳ್ಳುತ್ತ ಅವನು ಕೇಳಿದ.

"ಥ್ಯಾಂಕ್ಸು. ಲಂಚ ಕೆಲಸಕ್ಕೆ ಮುಂಚೆ ಕೊಡ್ತಾರೆ."

"ಹಾಗಾದ್ರೆ ಕುಡೀಬಹುದು."

ಅವನು ಕುಡಿದ. ಅವಳು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ನೆಲದ ಮೇಲೆ ಬಿಟ್ಟು ನಿಂತಿದ್ದಳು. ಹತ್ತಿದವಳೂ ಅಲ್ಲ, ಹತ್ತದವಳೂ ಅಲ್ಲ.

"ಒಂದು ಕೇಳ್ಲಾ?" ಅಂದ ಅವನು. "ನಿಮ್ಮ ಕಿಟಕೀಲಿ ಒಂದು ಖಾಲಿ ಫ್ರೇಮ್ ತೂಗು ಹಾಕಿದ್ದೀರಲ್ಲ, ಯಾಕೆ?"

"ಮರ ಚೆನ್ನಾಗಿದೆ ಅಂತ ಜನಕ್ಕೆ ತೋರ್ಸೋಕೆ. ಒಳಗೆ ಚಿತ್ರ ಇದ್ರೆ ಎಲ್ರೂ ಚಿತ್ರ ನೋಡ್ತಾರೆ, ಫ್ರೇಮ್ ಯಾರೂ ನೋಡಲ್ಲ."

"ನನ್ನ ಸೀಟಿಂದ ಅದು ಖಾಲಿ ಇರ್ತಿರ್ಲಿಲ್ಲ."

"ಅಂದ್ರೆ?"

"ಒಳಗಿನ ಮೇಜು ಕಾಣ್ತಿತ್ತು. ಮೇಜಿನ ಹತ್ರ ಒಬ್ರು ಬಾಯಲ್ಲಿ ಮೊಳೆ ಕಚ್ಕೊಂಡು ಕೆಲಸ ಮಾಡ್ತಿರ್ತಿದ್ರು." ಅವನು ಲೋಟದೊಳಗೆ ನೋಡುತ್ತ ಹೇಳಿದ. "ಮರ ನಾನೂ ನೋಡ್ಲಿಲ್ಲ."

ಪುಸ್ತಕದ ಚೀಲದ ಮುದುಕಿ ಕೆಮ್ಮಿದರು. ಅದು ಕೆಮ್ಮಿನಂತಿರಲಿಲ್ಲ. ಅವನು ಗಡಿಯಾರ ನೋಡಿ ಎಂಜಿನ್ ಶುರುಮಾಡಿದ. ಮೆಟ್ಟಿಲು ನಡುಗಿತು. ಕಾಲು ತೆಗೆಯಬೇಕೆಂದು ಅವಳಿಗೆ ಸ್ವಲ್ಪ ತಡವಾಗಿ ಹೊಳೆಯಿತು.

ಆಮೇಲೆ ಅದು ದಿನದ ಮಾತಾಯಿತು. ಮಧ್ಯಾಹ್ನದ ಊಟ ಮುಗಿಸಿ, ಏಪ್ರನ್ ಬಿಚ್ಚಿ, ಮೂಲೆ ದಾಟುವುದು. ಅವರಿಗೆ ಸಿಗುತ್ತಿದ್ದುದು ಬೇಗ ಬಂದ ಬಸ್ಸಿನ ಚಿಲ್ಲರೆ ಸಮಯ. ಸಿಗ್ನಲ್ ದೀಪಗಳು ಹಸಿರಾಗಿದ್ದ ದಿನ ಮಾತು ಉದ್ದವಾಗುತ್ತಿತ್ತು. ರಸ್ತೆ ಅಗೆದ ದಿನ ಕಿಟಕಿಯಿಂದ ಕೈ ಬೀಸಿ ಹೋಗಿಬಿಡುತ್ತಿದ್ದ. ಊರಿನ ಸಂಚಾರ ಅವಳ ಮನಸ್ಸಿನ ಹವಾಮಾನವಾಯಿತು. ಎಲ್ಲೋ ಒಂದು ಲಾರಿ ಕೆಟ್ಟು ನಿಂತರೆ ಇಲ್ಲಿ ಇವಳ ಕೈಯಲ್ಲಿ ಫ್ರೇಮಿನ ಮೂಲೆ ಸರಿಯಾಗಿ ಕೂರುತ್ತಿರಲಿಲ್ಲ.

ಡಿಪೋದ ವಿಚಾರ ಅವನು ಹೇಳುತ್ತಿದ್ದ. ಅಲ್ಲಿ ಡ್ರೈವರುಗಳು ಒಬ್ಬರನ್ನೊಬ್ಬರು ರೂಟಿನ ನಂಬರಿನಿಂದ ಕರೆಯುತ್ತಾರಂತೆ. ವರ್ಷಕ್ಕೆರಡು ಸಲ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಸರ್ವಿಸ್ ಜಾಸ್ತಿ ಇದ್ದವರಿಂದ ಶುರುಮಾಡಿ, ಬೇಕಾದ ರೂಟು ಆರಿಸಿಕೊಳ್ಳಿ ಅನ್ನುತ್ತಾರಂತೆ. ಎಲ್ಲರೂ ಸಮುದ್ರದ ಕಡೆಯ ನಾಲ್ಕನೇ ನಂಬರಿಗೆ ಮುಗಿಬೀಳುತ್ತಾರೆ. ಹೊಸ ಬಸ್ಸು, ಖಾಲಿ ರಸ್ತೆ.

"ನಿಮ್ಮ ಸರದಿ ಬೇಗ ಬರಲ್ವಾ?"

"ಬರುತ್ತೆ. ನಾನು ಹದಿನೇಳೇ ತಗೋತೀನಿ. ನನ್ನ ತಲೆ ಕೆಟ್ಟಿದೆ ಅಂತ ಡಿಪೋದಲ್ಲಿ ಮಾತು."

"ಕೆಟ್ಟಿದೆಯಾ?"

"ಮೊದಲು ಕೆಟ್ಟಿರ್ಲಿಲ್ಲ. ಹದಿನೇಳರಲ್ಲಿ ಬರೋರು ಜಗಳ ಆಡಲ್ಲ, ಅದಕ್ಕೇ ಇಷ್ಟ. ಮರದ ಪಟ್ಟಿ ಹಿಡ್ಕೊಂಡು ನೀವು ಬಾಗಿಲು ಬಡಿಯೋವರೆಗೂ ಹಾಗೇ ನಂಬಿದ್ದೆ."

ಮನೆಯಲ್ಲಿ ಅಪ್ಪನ ಬಾಯಲ್ಲೂ ಅವನು ಹದಿನೇಳೇ ಆದ. "ಇವತ್ತು ಹದಿನೇಳು ಬೇಗ ಬಂದಿದ್ದನೋ?" ಎಂದು ಕೇಳುತ್ತ ತಟ್ಟೆಗೆ ಕೈ ಹಾಕುತ್ತಿದ್ದ. ಉತ್ತರದ ಬದಲು ಅಪ್ಪನಿಗೆ ಒಂದು ಸೌಟು ಅನ್ನ ಹೆಚ್ಚು ಬೀಳುತ್ತಿತ್ತು.

*

ಸುದ್ದಿ ತಂದವರು ಎದುರಿನ ಬೂಟಿನ ಅಂಗಡಿಯವರು. ಬೀದಿಯ ವರ್ತಕರ ಸಂಘಕ್ಕೆ ಅವರೇ ಅಧ್ಯಕ್ಷರು. ತಮ್ಮ ಅಂಗಡಿಯ ಎಲ್ಲ ಬೂಟುಗಳಿಗಿಂತ ಜೋರಾಗಿ ಸದ್ದು ಮಾಡುತ್ತ ನಡೆಯುವವರು.

"ಗೆದ್ವಿ," ಅಂದರು ಹೊಸ್ತಿಲಲ್ಲೇ. "ನಿನ್ನ ಮಗಳು ಬರೆದ ಅರ್ಜಿ ಇದೆಯಲ್ಲ, ಕಲ್ಲು ಕರಗಿಸಿಬಿಟ್ಟಿದೆ ಮಾರಾಯ."

ಅವಳು ಆ ಅರ್ಜಿಯನ್ನು ಮರೆತೇಬಿಟ್ಟಿದ್ದಳು. ಕನ್ನಡಿಯ ಜಗಳಕ್ಕೂ ಮೊದಲು, ಪಾರ್ಕಿಂಗ್ ಇಲ್ಲದೆ ಗಿರಾಕಿಗಳು ಬರುತ್ತಿಲ್ಲವೆಂದು ಇಡೀ ಬೀದಿಯ ಪರವಾಗಿ ಅವಳೇ ಕೂತು ಬರೆದದ್ದು. ಕೋಪದಲ್ಲಿ ಅವಳ ಕೈಬರಹ ಚೆನ್ನಾಗಿರುತ್ತದೆ.

ಬೂಟಿನವರು ಕುರ್ಚಿ ಎಳೆದುಕೊಂಡು ವಿವರಿಸಿದರು. ನಗರಸಭೆಯವರು ಪೇಟೆಯ ಸ್ಟಾಪುಗಳಲ್ಲಿ ಜನರನ್ನು ಎಣಿಸಿದ್ದಾರೆ. ಈ ಬೀದಿಯ ಸ್ಟಾಪಿನಲ್ಲಿ ಹತ್ತುವವರು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಹಾಗಾಗಿ ಹದಿನೇಳು ಇನ್ನು ಪೇಟೆಯೊಳಕ್ಕೆ ಬರುವುದಿಲ್ಲ. ಆಸ್ಪತ್ರೆಯ ಹತ್ತಿರವೇ ತಿರುಗಿ ಹೋಗುತ್ತದೆ. ಉಳಿಯುವ ದುಡ್ಡು ಮಹಡಿ ಮಹಡಿಯ ಪಾರ್ಕಿಂಗ್ ಕಟ್ಟಡಕ್ಕೆ. ಈ ಸ್ಟಾಪು ಕಿತ್ತು ಅದೇ ಜಾಗದಲ್ಲಿ, ಇದೇ ಬಾಗಿಲ ಮುಂದೆ, ಎರಡು ಕಾರು ನಿಲ್ಲಲು ಗೆರೆ ಎಳೆಯುತ್ತಾರೆ. ಗುರುವಾರ ಸಭೆ. ಕೈ ಎತ್ತುವುದೊಂದೇ ಬಾಕಿ.

"ಎರಡು ಕಾರು," ಅಪ್ಪ ಬಾಗಿಲಿಗೆ ಹೋಗಿ ಆ ಜಾಗವನ್ನು ನೋಡಿದ. ಮಗುವಿಗೆ ತೊಟ್ಟಿಲು ಎಲ್ಲಿ ಹಾಕುವುದೆಂದು ನೋಡುವವನಂತೆ ನೋಡಿದ.

ಅವಳಿಗೆ ಕೆಲವು ದಿನಗಳ ಹಿಂದೆ ಸ್ಟಾಪಿಗೆ ಬಂದಿದ್ದ ಹಳದಿ ಜಾಕೆಟ್ಟಿನ ಇಬ್ಬರು ಹೆಂಗಸರು ನೆನಪಾದರು. ಕೈಯಲ್ಲಿ ಒತ್ತುವ ಗುಂಡಿಯ ಯಂತ್ರ ಹಿಡಿದು ಬಿಸಿಲಲ್ಲಿ ನಿಂತಿದ್ದರು. ಪಾಪ ಎಂದು ಅವಳೇ ಅಂಗಡಿಯ ಸ್ಟೂಲು ಕೊಟ್ಟಿದ್ದಳು. ಅವರು ಅದರ ಮೇಲೆ ಕೂತು, ಆ ಸ್ಟಾಪಿಗೆ ಯಾರೂ ಬರುವುದಿಲ್ಲವೆಂದು ನಿಷ್ಠೆಯಿಂದ ಎಣಿಸಿದ್ದರು.

ಯಾರೂ ಬರುತ್ತಿರಲಿಲ್ಲ, ನಿಜ. ಎಲ್ಲರೂ ಮೂಲೆಯಾಚೆ, ಲೈಬ್ರರಿಯ ಮುಂದೆ, ತೆರೆದ ಬಾಗಿಲಿನ ಬಸ್ಸಿನೊಳಗೆ ಆರಾಮವಾಗಿ ಕೂತಿದ್ದರು. ಬಸ್ಸು ಅಲ್ಲಿ ಕಾಯುತ್ತದೆಂದು ಗೊತ್ತಾದ ಮೇಲೆ ಇಲ್ಲಿ ನಿಂತುಕೊಳ್ಳುವುದಕ್ಕೆ ಅವರಿಗೇನು ಹುಚ್ಚೇ? ಲೈಬ್ರರಿ ಪೇಟೆಯ ಲೆಕ್ಕದೊಳಗೆ ಬರುವುದಿಲ್ಲ. ಅಲ್ಲಿಗೆ ಯಾರೂ ಎಣಿಸಲು ಹೋಗಿರಲಿಲ್ಲ. ಬಸ್ಸು ಅಲ್ಲಿ ಕಾಯುತ್ತಿದ್ದುದು ಅವಳು ಕೇಳಿದ್ದಕ್ಕೆ.

"ಏನಮ್ಮ, ಸಂತೋಷಕ್ಕೆ ಮಾತೇ ಹೊರಡ್ತಿಲ್ಲ?" ಅಂದರು ಬೂಟಿನವರು.

"ಹೌದು ಅಂಕಲ್," ಅಂದಳು ಅವಳು. "ಮಾತು ಹೊರಡ್ತಿಲ್ಲ."

*

ಅವನಿಗೆ ಆಗಲೇ ಗೊತ್ತಿತ್ತು. ಡಿಪೋದ ಗೋಡೆಗೆ ನೋಟಿಸು ಅಂಟಿಸಿದ್ದರು.

"ರೂಟು ಚಿಕ್ಕದಾದ್ರೆ ಡ್ರೈವರೂ ಕಮ್ಮಿ ಸಾಕು," ಅಂದ. "ನನ್ನನ್ನ ನದಿ ಆಚೆಯ ಡಿಪೋಗೆ ಹಾಕ್ತಾರಂತೆ. ಮುಂಜಾನೆ ಶಿಫ್ಟು."

"ನದಿ ಆಚೆ ಅಂದ್ರೆ ಊರಿನ ಆ ತುದಿ."

"ಬಸ್ಸಲ್ಲಿ ಬಂದ್ರೆ ದೂರ ಇಲ್ಲ. ಆದ್ರೆ ಬಸ್ಸೇ ಇರಲ್ಲ." ಅವನು ನಗಲು ನೋಡಿದ. "ಹೋಗ್ಲಿ ಬಿಡಿ. ನಿಮಗೆ ಜಾಗ ಸಿಗುತ್ತಲ್ಲ."

ಅವಳಿಗೆ ಸಿಟ್ಟು ಬಂತು. ಇಂಥ ಹೊತ್ತಿನಲ್ಲಿ ಒಳ್ಳೆಯತನ ತೋರಿಸುವವರ ಮೇಲೆ ಬರುವ ಸಿಟ್ಟು.

"ಯಾಕೆ ಜಾಗ ಬದಲಾಯಿಸಿದ್ರಿ?"

"ನೀವು ಕೇಳಿದ್ರಿ."

"ಕೇಳಿದ್ದನ್ನೆಲ್ಲ ಕೊಟ್ಬಿಡ್ತೀರಾ? ರೂಲ್ಸು ಇಲ್ವಾ ನಿಮಗೆ?"

"ಇದೆ. ಮುರಿದೆ," ಅಂದ ಅವನು ಸಾವಧಾನವಾಗಿ. "ಕಾಯೋ ಜಾಗ ಬಿಟ್ಟು ಬೇರೆ ಕಡೆ ಕಾಯೋದು ತಪ್ಪು. ಸಿಕ್ಕಿಬಿದ್ರೆ ಶಿಕ್ಷೆ ಇದೆ."

ಅಲ್ಲಿಯವರೆಗೆ ಅವಳ ತಲೆಯಲ್ಲಿ ದಾರಿ ನೆಟ್ಟಗಿತ್ತು: ಗುರುವಾರ ಸಭೆಗೆ ಹೋಗುವುದು, ಎಣಿಕೆ ತಪ್ಪೆಂದು ಹೇಳುವುದು, ಯಾಕೆ ತಪ್ಪೆಂದು ಹೇಳುವುದು. ಈಗ ಆ ದಾರಿಯ ನಡುವೆ ಅವನೇ ನಿಂತಿದ್ದ. ನಿಜ ಹೇಳಿದರೆ ಅವನಿಗೆ ಶಿಕ್ಷೆ. ಹೇಳದಿದ್ದರೆ ಬಸ್ಸಿಲ್ಲ, ಅವನೂ ಇಲ್ಲ.

"ನೀವೇ ಸಭೇಲಿ ಹೇಳೋಕಾಗಲ್ವಾ?"

"ನಗರಸಭೆ ಸಂಬಳ ತಗೊಳ್ಳೋರು ಅಲ್ಲಿ ಬಾಯಿ ಬಿಡೋ ಹಾಗಿಲ್ಲ." ಅವನು ಕನ್ನಡಿಯಲ್ಲಿ ಹಿಂದಿನ ಸೀಟುಗಳನ್ನು ನೋಡಿದ. ಪುಸ್ತಕದ ಚೀಲದ ಮುದುಕಿ, ಆಸ್ಪತ್ರೆಯ ಸಮವಸ್ತ್ರದ ನರ್ಸು, ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದ ಅಡಿಗೆಯವನು. "ಇವರೆಲ್ಲ ಆಸ್ಪತ್ರೆ ಹತ್ರ ಇಳಿದು ಅಷ್ಟು ದೂರ ನಡೀಬೇಕಾಗುತ್ತೆ. ನೀವು ಹೇಳಿ. ನನ್ನ ಬಗ್ಗೆ ಯೋಚನೆ ಮಾಡ್ಬೇಡಿ."

"ಅದೊಂದು ಬಿಟ್ಟು ಬೇರೇನಾದ್ರೂ ಕೇಳಿ," ಅಂದಳು ಅವಳು.

ಹೇಳಿದ ಮೇಲೆ ತಾನೇನು ಹೇಳಿದೆ ಎಂದು ಅವಳಿಗೆ ತಿಳಿಯಿತು. ಅವನಿಗೂ ತಿಳಿಯಿತು. ಹುಬ್ಬಿನ ನಡುವಿನ ಗಾಯದ ಗೆರೆ ಮೇಲೇರಿ ಅಲ್ಲೇ ನಿಂತಿತು. ಆ ದಿನ ಹದಿನೇಳು ತಡವಾಗಿ ಹೊರಟಿತು. ಬಸ್ಸಿನಲ್ಲಿದ್ದ ಯಾರೂ ಏನೂ ಅನ್ನಲಿಲ್ಲ.

*

ಅಪ್ಪನಿಗೆ ಹೇಳುವುದು ಬಾಕಿಯಿತ್ತು. ಅಂಗಡಿ ಮುಚ್ಚುವ ಹೊತ್ತಿಗೆ, ಅವನು ಮೇಜಿನ ಮೇಲಿನ ಗಾಜಿನ ಪುಡಿಯನ್ನು ಬ್ರಷ್ಷಿನಲ್ಲಿ ಗುಡಿಸುತ್ತಿದ್ದಾಗ, ಅವಳು ಎಲ್ಲವನ್ನೂ ಹೇಳಿದಳು. ಎಣಿಕೆಯ ವಿಷಯ, ಲೈಬ್ರರಿಯ ವಿಷಯ, ತಾನು ಬರೆದ ಅರ್ಜಿಗೆ ತಾನೇ ಅಡ್ಡ ನಿಲ್ಲಬೇಕೆಂದಿರುವ ವಿಷಯ.

ಅಪ್ಪ ಬ್ರಷ್ಷು ಕೆಳಗಿಟ್ಟ. "ಆ ಎರಡು ಕಾರಿಗೆ ನಾನು ಎಷ್ಟು ವರ್ಷ ಬಾಯಿ ಬಾಯಿ ಬಿಟ್ಟಿದ್ದೀನಿ, ಗೊತ್ತಾ?"

"ಗೊತ್ತಪ್ಪ."

"ನಿನ್ನಮ್ಮ ಇದ್ದಾಗಿಂದ. ದೊಡ್ಡ ಚಿತ್ರ ತಂದವರು ಜಾಗ ಇಲ್ದೆ ವಾಪಸ್ ಹೋಗೋದನ್ನ ನೋಡಿ ನೋಡಿ ನನ್ನ ಹೊಟ್ಟೆ ಉರಿದುಹೋಗಿದೆ."

ಅವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

"ಬಸ್ಸಿನ ಮೇಲಿನ ಪ್ರೀತಿನಾ ಇದು, ಇಲ್ಲಾ ಹದಿನೇಳರವನ ಮೇಲಿನದಾ?"

"ಎರಡೂ ಅಂದ್ರೆ?"

"ಎರಡೂ ಅಂದ್ರೆ ನನ್ನ ಕಡೆ ಓಟು ಕಮ್ಮಿಯಾಯ್ತು." ಅವನು ಮತ್ತೆ ಬ್ರಷ್ಷು ಎತ್ತಿಕೊಂಡ. "ಗುರುವಾರ ನಾನೂ ಬರ್ತೀನಿ. ನಿನ್ನ ಪರ ಅಂತಲ್ಲ. ನೀನು ಮಾತಾಡುವಾಗ ಬೂಟಿನವನ ಮುಖ ಹೇಗಾಗುತ್ತೆ ಅಂತ ನೋಡ್ಬೇಕು."

ಅವಳು ಅವನ ಭುಜಕ್ಕೆ ಹಣೆ ಒತ್ತಿ ನಿಂತಳು. ಅವನ ಅಂಗಿಯಲ್ಲಿ ಮರದ ಅಂಟಿನ ವಾಸನೆಯಿತ್ತು. ಇವನಿಗೆ ಯಾವತ್ತೂ ಥ್ಯಾಂಕ್ಸ್ ಹೇಳಿಲ್ಲವಲ್ಲ ಅನ್ನಿಸಿತು. ಹೇಳಿದರೆ ಜ್ವರ ಬಂದಿದೆಯಾ ಎಂದು ಕೇಳುತ್ತಾನೆ.

"ಗಾಜಿನ ಪುಡಿ ಇದೆ ಮೈಮೇಲೆ, ಚುಚ್ಚುತ್ತೆ, ಸರಿ ಆಚೆ," ಅಂದ ಅಪ್ಪ. ತಾನು ಮಾತ್ರ ಸರಿಯಲಿಲ್ಲ.

ಬುಧವಾರ ಲೈಬ್ರರಿಯ ಮುಂದೆ ಹದಿನೇಳು ಇತ್ತು, ಅವನಿರಲಿಲ್ಲ. ಸೀಟಿನಲ್ಲಿ ದಪ್ಪ ಮೀಸೆಯ ಬೇರೊಬ್ಬ ಡ್ರೈವರ್ ಕೂತಿದ್ದ. ಅವಳ ಕೈಯ ಎರಡು ಲೋಟಗಳನ್ನು ನೋಡಿದವನೇ ಕೇಳಿದ, "ಫ್ರೇಮ್ ಅಂಗಡಿಯವರಾ?"

"ಹೌದು. ಅವರು?"

"ನಿನ್ನೆ ಸಾಯಂಕಾಲ ಆಫೀಸಿಗೆ ಹೋಗಿ, ನಾನು ಇಷ್ಟು ದಿನ ತಪ್ಪು ಜಾಗದಲ್ಲಿ ಗಾಡಿ ನಿಲ್ಲಿಸ್ತಿದ್ದೆ ಅಂತ ತಾನೇ ಹೇಳ್ಬಿಟ್ಟಿದ್ದಾನೆ. ಯಾರೂ ಕೇಳಿರ್ಲಿಲ್ಲ. ಸಾಹೇಬರು ಎದ್ದು ಕಿಟಕಿ ಹಾಕ್ಕೊಂಡು, ಇನ್ನೊಂದ್ಸಲ ಹೇಳಪ್ಪ ಅಂದ್ರಂತೆ. ವಾರ ಪೂರ್ತಿ ಸಸ್ಪೆಂಡು. ಈ ಸಲ ರೂಟ್ ಆರಿಸೋವಾಗ ಎಲ್ಲರ ಹಿಂದೆ ನಿಲ್ಬೇಕು." ಅವನು ಒಂದು ಲೋಟದ ಕಡೆ ಆಸೆಯಿಂದ ನೋಡಿದ. "ನಿಮಗೆ ಒಂದು ಮಾತು ಹೇಳು ಅಂದ, ಅದಕ್ಕೇ ಇಲ್ಲಿ ನಿಂತೆ. ಈಗ ಎಲ್ಲ ಹೇಳಬಹುದಂತೆ, ಮುಚ್ಚಿಡೋಕೆ ಏನೂ ಉಳಿದಿಲ್ವಂತೆ."

ಅವಳು ಅವನಿಗೆ ಎರಡೂ ಲೋಟ ಕೊಟ್ಟು ಹಿಂದಿರುಗಿದಳು. ಮೂಲೆಯಲ್ಲಿ ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತಳು. ಜನ ದಾಟಿಹೋಗುತ್ತಿದ್ದರು. ತನಗಾಗಿ ಒಬ್ಬ ಮನುಷ್ಯ ತನ್ನ ಹೆಸರಿಗೆ ತಾನೇ ಮಸಿ ಬಳಿದುಕೊಂಡು ದಾರಿ ಬಿಟ್ಟು ಸರಿದಿದ್ದಾನೆ. ಇದನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ಅವಳಿಗೆ ತಿಳಿಯಲಿಲ್ಲ. ಇಷ್ಟು ದೊಡ್ಡದಕ್ಕೆ ಅವಳ ಅಂಗಡಿಯಲ್ಲಿ ಅಳತೆಯೇ ಇರಲಿಲ್ಲ.

*

ನಗರಸಭೆಯ ಹಾಲ್ ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು. ಅರ್ಧ ಚಂದ್ರದಂತೆ ಮೇಜು, ಅದರ ಹಿಂದೆ ಸದಸ್ಯರು, ನಡುವೆ ಬೆಳ್ಳಿ ಕೂದಲಿನ ಅಧ್ಯಕ್ಷೆ. ಸಾರ್ವಜನಿಕರು ಮಾತಾಡುವ ಮೈಕಿನ ಪಕ್ಕ ಒಂದು ಪುಟ್ಟ ದೀಪ. ಹಸಿರು ಉರಿಯುವಾಗ ಮಾತಾಡಬೇಕು, ಕೆಂಪಾದಾಗ ನಿಲ್ಲಿಸಬೇಕು.

ಬೂಟಿನವರು ಮೊದಲು ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಪೇಟೆಗೆ ಬರುವವರು ಕಾರು ಎಲ್ಲಿಡುವುದೆಂದು ಕೇಳಿದರು; ಖಾಲಿ ಬಸ್ಸಿಗೆ ಸುರಿಯುವ ದುಡ್ಡಿನ ಬಗ್ಗೆ ಕೇಳಿದರು. ಅವರು ಹೇಳಿದ್ದರಲ್ಲಿ ಅರ್ಧ ವಾಕ್ಯಗಳು ಅವಳ ಅರ್ಜಿಯವೇ. ಕೇಳಿಸಿಕೊಳ್ಳುತ್ತ ಅವಳಿಗೆ ತನ್ನ ಮೇಲೆಯೇ ಹೊಟ್ಟೆಕಿಚ್ಚಾಯಿತು. ಎಷ್ಟು ಒಳ್ಳೆಯ ವಾಕ್ಯಗಳು.

ಕೊನೆಯ ಸಾಲಿನಲ್ಲಿ ಅವನು ಕೂತಿದ್ದ. ಸಮವಸ್ತ್ರವಿಲ್ಲದೆ ಅವನನ್ನು ಅವಳು ನೋಡಿರಲಿಲ್ಲ. ಇಸ್ತ್ರಿ ಮಾಡಿದ ನೀಲಿ ಅಂಗಿ, ಕಾಲರಿನ ಒಂದು ತುದಿ ಮಡಚಿಕೊಂಡಿತ್ತು. ಆ ತುದಿ ಸರಿಮಾಡಬೇಕೆಂದು ಅವಳ ಬೆರಳಿಗೆ ಅನ್ನಿಸಿತು. ಆಗ ಅವಳನ್ನು ಕರೆದರು.

ದೀಪ ಹಸಿರಾಯಿತು.

"ಈಗ ಕೇಳಿದ್ರಲ್ಲ, ಆ ಅರ್ಜಿ ಬರೆದವಳು ನಾನೇ," ಅಂದಳು ಅವಳು. ಧ್ವನಿ ಮೈಕಿನಿಂದ ಬೇರೆ ಯಾರದೋ ಎಂಬಂತೆ ಹೊರಬಂತು. "ನಮ್ಮ ಅಂಗಡಿ ಮುಂದೆ ಬಸ್ಸು ಕಾಯೋದು ನನಗೆ ಬೇಡವಾಗಿತ್ತು. ಡ್ರೈವರಿಗೆ ಹೇಳಿದೆ. ಅವರು ಅವತ್ತಿಂದ ಲೈಬ್ರರಿ ಹತ್ರ ಕಾಯೋಕೆ ಶುರು ಮಾಡಿದ್ರು. ಜನ ಅಲ್ಲಿಗೇ ಹೋದ್ರು. ನೀವು ಎಣಿಸೋಕೆ ಕಳಿಸಿದವರು ನಮ್ಮ ಬಾಗಿಲಲ್ಲಿ, ನಾನೇ ಕೊಟ್ಟ ಸ್ಟೂಲಲ್ಲಿ ಕೂತು ಎಣಿಸಿದ್ರು. ಅವರ ಎಣಿಕೆ ಸರಿಯಾಗಿದೆ. ಜಾಗ ತಪ್ಪಾಗಿದೆ. ಜನ ಎಲ್ಲೂ ಹೋಗಿಲ್ಲ, ಮೂಲೆ ದಾಟಿದ್ದಾರೆ ಅಷ್ಟೇ. ನನ್ನ ಮಾತು ನಂಬಬೇಡಿ. ಲೈಬ್ರರಿ ಮುಂದೆ ಹೋಗಿ ಒಂದ್ಸಲ ಎಣಿಸಿ. ಆಮೇಲೆ ಕೈ ಎತ್ತಿ."

ಹಾಲಿನಲ್ಲಿ ಗುಸುಗುಸು ಎದ್ದಿತು. ಬೂಟಿನವರ ಮುಖ ನೋಡಲು ಬಂದಿದ್ದ ಅಪ್ಪ ಅದನ್ನು ಮರೆತು ಮಗಳನ್ನು ನೋಡುತ್ತಿದ್ದ.

ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿದರು. "ಸ್ಟಾಪು ಹೋದ್ರೆ ಲಾಭ ನಿಮ್ಮ ಅಂಗಡಿಗೇ ಅಲ್ವೇನಮ್ಮ?"

"ಹೌದು. ಎರಡು ಕಾರು ನಿಲ್ಲುತ್ತೆ."

"ಮತ್ತೆ?"

"ಅದಕ್ಕಿಂತ ಜಾಸ್ತಿ ಜನ ಬಸ್ಸಲ್ಲಿ ಬರ್ತಾರೆ ಮೇಡಂ. ಅವರನ್ನ ನಾನು ಮೊದಲು ನೋಡಿರ್ಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕಾಫಿ ಕುಡಿಯೋಕೆ ಶುರು ಮಾಡಿದ ಮೇಲೆ ನೋಡಿದೆ."

"ಒಬ್ಬ ಡ್ರೈವರು, ರೂಲ್ಸು ಮುರಿದು, ನೀವು ಕೇಳಿದ್ರಿ ಅಂತ ಬಸ್ಸು ನಿಲ್ಲಿಸೋ ಜಾಗಾನೇ ಬದಲಾಯಿಸಿದ್ರು. ಅಷ್ಟೇನಾ ಕಾರಣ?"

ದೀಪ ಹಳದಿಯಾಗಿತ್ತು. ಅವಳು ತಿರುಗಿ ನೋಡಬಾರದೆಂದುಕೊಂಡಳು, ತಿರುಗಿ ನೋಡಿದಳು. ಕೊನೆಯ ಸಾಲಿನಲ್ಲಿ ಅವನು ತನ್ನ ಮೊಣಕಾಲುಗಳನ್ನು ನೋಡುತ್ತ ಕೂತಿದ್ದ. ಕಿವಿ ಕೆಂಪಾಗಿತ್ತು.

"ಕಾರಣ ನಾನಿನ್ನೂ ಅವರನ್ನ ಕೇಳಿಲ್ಲ," ಅಂದಳು. "ಈ ಸಭೆ ಮುಗಿದ ತಕ್ಷಣ ಕೇಳ್ತೀನಿ."

ಮೊದಲು ನಕ್ಕದ್ದು ಟೈಪ್ ಮಾಡುತ್ತಿದ್ದ ಗುಮಾಸ್ತೆ. ಆಮೇಲೆ ಹಾಲ್ ಪೂರ್ತಿ. ಅಧ್ಯಕ್ಷೆ ನಗಲಿಲ್ಲ, ಆದರೆ ದೀಪ ಕೆಂಪಾದದ್ದನ್ನು ಬೇಕೆಂದೇ ನೋಡದೆ ಒಂದು ಗಳಿಗೆ ಬಿಟ್ಟರು. ಅಷ್ಟರಲ್ಲಿ ಪುಸ್ತಕದ ಚೀಲದ ಮುದುಕಿ ಎದ್ದು ನಿಂತಿದ್ದರು. "ನನ್ನ ಹೆಸರು ಬರ್ಕೊಳ್ಳಿ," ಅಂದರು ಜೋರಾಗಿ. "ಲೈಬ್ರರಿ ಮುಂದೆ ಹತ್ತೋಳು. ನನ್ನನ್ನ ಯಾರೂ ಎಣಿಸಿಲ್ಲ." ಅವರ ಹಿಂದೆ ನರ್ಸು ಎದ್ದಳು, ಅಡಿಗೆಯವನು ಎದ್ದ. ಅವರನ್ನೆಲ್ಲ ಕರೆತಂದದ್ದು ಯಾರೆಂದು ಅವಳಿಗೆ ಗೊತ್ತಾಗಲಿಲ್ಲ, ಬಾಗಿಲ ಬಳಿ ದಪ್ಪ ಮೀಸೆಯೊಂದು ಕಾಣುವವರೆಗೆ.

ಸದಸ್ಯರು ಬಹಳ ಹೊತ್ತು ವಾದಿಸಿದರು. ಪಾರ್ಕಿಂಗ್ ಕಟ್ಟಡ ಬೇಕೇಬೇಕು ಅಂದವರಿದ್ದರು. ಮತ್ತೆ ಎಣಿಸೋಣ ಅಂದವರಿದ್ದರು. ಊಟಕ್ಕೆ ಹೊತ್ತಾಯಿತೆಂದವರೂ ಒಬ್ಬರಿದ್ದರು. ಕೊನೆಗೆ ಒಂದೇ ಒಂದು ಕೈಯ ಅಂತರದಲ್ಲಿ ತೀರ್ಮಾನವಾಯಿತು. ಹದಿನೇಳು ಪೇಟೆಗೆ ಬರುತ್ತದೆ. ಅದರ ದುಡ್ಡು ಅದಕ್ಕೇ ಇರುತ್ತದೆ. ಕಾಯುವ ಜಾಗ ಇನ್ನು ಮುಂದೆ ಲೈಬ್ರರಿ, ಕಾಗದದ ಮೇಲೂ. ಅಂಗಡಿ ಬೀದಿಯಲ್ಲಿ ಸಾಮಾನು ಇಳಿಸಿ ಹತ್ತಿಸುವಷ್ಟು ಹೊತ್ತು ಯಾರಾದರೂ ಕಾರು ನಿಲ್ಲಿಸಬಹುದು, ಇಡೀ ದಿನ ಬಿಟ್ಟುಹೋಗುವಂತಿಲ್ಲ. ಕಟ್ಟಡದ ಮಾತು ಮುಂದಿನ ವರ್ಷಕ್ಕೆ.

ಬೂಟಿನವರು ಹೊರಗೆ ಹೋಗುವಾಗ ಅವಳ ಮುಂದೆ ನಿಂತರು. ಏನೋ ಹೇಳಲು ಬಾಯಿ ತೆರೆದರು. "ಮುಂದಿನ ಅರ್ಜಿ ಬೇರೆಯವರ ಕೈಲಿ ಬರೆಸ್ತೀನಿ," ಅಂದು ಹೋದರು. ಅಪ್ಪ ಅವರ ಹಿಂದೆಯೇ ನಡೆದ, ಸಮಾಧಾನ ಮಾಡುವ ನೆಪದಲ್ಲಿ ಅವರ ಮುಖ ನೋಡಲು.

*

ಮೆಟ್ಟಿಲ ಮೇಲೆ ಅವನು ಕಾಯುತ್ತಿದ್ದ. ಬೀದಿಯ ದೀಪಗಳು ಆಗತಾನೆ ಹತ್ತಿಕೊಂಡಿದ್ದವು, ಇನ್ನೂ ಬೆಳಕಿತ್ತು, ಅವುಗಳ ಅಗತ್ಯವಿರಲಿಲ್ಲ.

"ಕೇಳ್ತೀನಿ ಅಂದ್ರಿ," ಅಂದ.

"ಕೇಳ್ತೀನಿ." ಅವಳು ಮೊದಲು ಕಾಲರಿನ ಮಡಚಿದ ತುದಿ ಸರಿಮಾಡಿದಳು. ಕೈ ಅಲ್ಲೇ ಉಳಿಯಿತು. "ಯಾಕೆ ಬದಲಾಯಿಸಿದ್ರಿ?"

"ಇಲ್ಲಿ ಕಾಯ್ಬೇಡಿ ಅಂತ ನೀವು ಬೈದಾಗ ನನಗೆ ಹೊಳೀತು. ನಾನು ಬೇಗ ಬರ್ತಿದ್ದದ್ದು ಟ್ರಾಫಿಕ್ ಕಮ್ಮಿ ಇದ್ದದ್ದಕ್ಕಲ್ಲ. ನಿಮ್ಮ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲೋಕೆ." ಅವನು ಒಂದೊಂದೇ ಮಾತನ್ನು ಹುಷಾರಾಗಿ, ಇಕ್ಕಟ್ಟಿನ ಗಲ್ಲಿಯಲ್ಲಿ ಬಸ್ಸು ತಿರುಗಿಸುವವನಂತೆ ಆಡಿದ. "ಅದು ನಿಮಗೆ ತೊಂದ್ರೆ ಅಂತ ಗೊತ್ತಾದ ಮೇಲೆ ನಿಲ್ಲೋಕಾಗ್ಲಿಲ್ಲ."

ಅವಳು ಕಾಲರನ್ನು ಇನ್ನೊಮ್ಮೆ ಸರಿಮಾಡಿದಳು, ಅದು ಸರಿಯಾಗಿಯೇ ಇತ್ತು.

"ಆದ್ರೆ ಈ ಸಲ ಹದಿನೇಳು ನನಗೆ ಸಿಗಲ್ಲ," ಅಂದ ಅವನು. "ಕೊನೇಲಿ ನಿಲ್ಬೇಕು. ಉಳಿದಿದ್ದು ಕೊಡ್ತಾರೆ. ಕೈಗಾರಿಕೆ ಕಡೆಯ ರೂಟೋ ಏನೋ. ಮಧ್ಯಾಹ್ನ ಲೈಬ್ರರಿ ಹತ್ರ ನಾನಿರಲ್ಲ."

"ಆ ರೂಟು ಎಷ್ಟು ಹೊತ್ತಿಗೆ ಮುಗಿಯುತ್ತೆ?"

"ಸಾಯಂಕಾಲ."

"ಹಾಗಾದ್ರೆ ಸಾಯಂಕಾಲ ನಮ್ಮ ಮನೆಗೆ ಬಾ. ಬೇಗ ಬಂದ್ರೂ ಬಾ, ತಡವಾದ್ರೂ ಬಾ." ಮೊದಲ ಸಲ ಅವಳು ಅವನನ್ನು ಏಕವಚನದಲ್ಲಿ ಕರೆದಿದ್ದಳು. "ನನಗೆ ನಿನ್ನ ಮೇಲೆ ಪ್ರೀತಿ. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಕೊಂಡು ಇದನ್ನ ಹೇಳೋಕಾಗ್ತಿರ್ಲಿಲ್ಲ."

ಅವನು ಅವಳ ಕೈಯನ್ನು ಕಾಲರಿನಿಂದ ತೆಗೆದು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡ. ಏನೋ ಹೇಳಿದ. ಅದೇ ಹೊತ್ತಿಗೆ ಹದಿನೇಳು ಬಂದು ನಿಂತದ್ದರಿಂದ ಅವಳೊಬ್ಬಳಿಗೇ ಅದು ಕೇಳಿಸಿತು.

ಅಷ್ಟರಲ್ಲಿ ಅಪ್ಪನೂ ವಾಪಸ್ ಬಂದಿದ್ದ, ಮೂವರೂ ಹತ್ತಿದರು. ಅಪ್ಪ ಮುಂದಿನ ಸೀಟಿಗೆ ಹೋಗಿ, ಅವರಿಗೆ ಬೆನ್ನು ಮಾಡಿ, ರಸ್ತೆಯನ್ನು ಜೀವನದಲ್ಲೇ ಮೊದಲ ಸಲ ನೋಡುತ್ತಿರುವವನಂತೆ ಕೂತ. ಅವರಿಬ್ಬರು ಹಿಂದೆ ಕೂತರು. ಒಳಗೆ ಹಾಲಿನಿಂದ ಬಂದವರೇ ತುಂಬಿದ್ದರು, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಇವರೆಲ್ಲರಿಗೂ ಋಣಿಯಾಗಿರುವುದು ಎಷ್ಟು ಹಗುರವಾದ ಸಂಗತಿ ಎಂದು ಅವಳಿಗೆ ಆಶ್ಚರ್ಯವಾಯಿತು.

ಬಸ್ಸು ತಿರುವಿಗೆ ಬಂತು. ಪಕ್ಕದಲ್ಲಿ ಏನೋ ಅಲುಗಿದಂತಾಗಿ ಅವಳು ಕೆಳಗೆ ನೋಡಿದಳು. ಅವನ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು. ಮುಂದಿನ ಸಿಗ್ನಲ್ಲಿನಲ್ಲಿ ಮತ್ತೆ ಒತ್ತಿತು. ಅವನಿಗೆ ಅದರ ಅರಿವೇ ಇರಲಿಲ್ಲ. ಇಷ್ಟು ವರ್ಷ ಊರನ್ನೆಲ್ಲ ಹೊತ್ತು ತಂದ ಕಾಲಿಗೆ ಸುಮ್ಮನೆ ಕೂರುವುದು ತಿಳಿದಿರಲಿಲ್ಲ.

ಅವಳು ಅವನ ಮೊಣಕಾಲಿನ ಮೇಲೆ ಮೆಲ್ಲಗೆ ಕೈಯಿಟ್ಟಳು.

"ಬಿಡು," ಅಂದಳು. "ಅವರು ಓಡಿಸ್ತಾರೆ."

ಅವನು ಕಾಲು ಸಡಿಲ ಬಿಟ್ಟ.